ಮಾತು ಬಿಡಿಸುವ ಕೆಲಸ

ಪ್ರಾಥಮಿಕ ಶಾಲೆಯೊಂದಕ್ಕೆ ಆಪ್ತಸಮಾಲೋಚಕಿಯಾಗಿ ಸೇರಿದ ಶೈಲಶ್ರೀಗೆ ಮೊದಲು ಒಪ್ಪಿಸಿದ ಮಗುವೇ ಎರಡನೇ ತರಗತಿಯ ಮೋಕ್ಷಿತಾ. ಮನೆಯಲ್ಲಿ ಪಟಪಟ ಮಾತಾಡುವ ಆ ಹುಡುಗಿ ಶಾಲೆಯೊಳಗೆ ಒಂದು ವರ್ಷದಿಂದ ತುಟಿ ಬಿಚ್ಚಿರಲಿಲ್ಲ.

ಶೈಲಶ್ರೀ ಬೊಂಬೆ ತಂದಳು, ಬಣ್ಣದ ಪೆನ್ಸಿಲ್ ಕೊಟ್ಟಳು, ಕೊನೆಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕಪ್ಪೆಯಂತೆ ವಟಗುಟ್ಟಿದ್ದೂ ಆಯಿತು. ಹುಡುಗಿ ಸುಮ್ಮನೆ ನೋಡುತ್ತಿದ್ದಳು. ಚಿನ್ನದ ಪದಕ ಗೆದ್ದ ತನ್ನ ಮನಶ್ಶಾಸ್ತ್ರ ಕಡೆಗೂ ಕಪ್ಪೆಯ ಮಟ್ಟಕ್ಕೆ ಬಂತಲ್ಲ ಎಂದು ಶೈಲಶ್ರೀಗೆ ತನ್ನ ಮೇಲೇ ನಗು ಬಂತು. ಬೇರೇನೂ ತೋಚದೆ ದಿನಾ ತನ್ನ ಕಥೆಯನ್ನೇ ಹೇಳತೊಡಗಿದಳು. ಮುಖ್ಯೋಪಾಧ್ಯಾಯಿನಿಯನ್ನು ಕಂಡರೆ ತನಗೆ ನಾಲಿಗೆಯೇ ಹೊರಳುವುದಿಲ್ಲ, ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಿಸುವುದಿಲ್ಲ, ಮಧ್ಯಾಹ್ನದ ಡಬ್ಬಿಯನ್ನು ಒಬ್ಬಳೇ ಕೂತು ಖಾಲಿ ಮಾಡುತ್ತೇನೆ ಎಂದೆಲ್ಲ. ಮೋಕ್ಷಿತಾ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು.

ಮೂರು ವಾರ ಕಳೆದ ಮೇಲೆ ಮುಖ್ಯೋಪಾಧ್ಯಾಯಿನಿ ಬಾಗಿಲು ತಳ್ಳಿಕೊಂಡು ಬಂದರು.

"ಏನ್ರೀ, ಇಷ್ಟು ದಿನ ಆಯ್ತು, ಒಂದು ಮಾತಾದ್ರೂ ಆಡಿಸಿದ್ರಾ? ಆಗಲ್ಲ ಅಂದ್ರೆ ಹೇಳ್ಬಿಡಿ, ಈ ಮಗೂನ ಬೇರೆ ಶಾಲೆಗೆ ಸೇರಿಸಿ ಅಂತ ಅವರಪ್ಪ ಅಮ್ಮಂಗೆ ತಿಳಿಸ್ತೀನಿ."

"ಮೇಡಂ, ಅದು... ನಾನು..." ಎಂದು ಶೈಲಶ್ರೀ ತೊದಲಿ ನಿಂತುಬಿಟ್ಟಳು.

ಮೋಕ್ಷಿತಾ ಎದ್ದು ಬಂದು ಇಬ್ಬರ ನಡುವೆ ನಿಂತಳು.

"ಇವ್ರನ್ನ ಬೈಬೇಡಿ ಮಿಸ್. ನನ್ ಹತ್ರ ಈಗ ಚೆನ್ನಾಗಿ ಮಾತಾಡ್ತಾರೆ. ಇನ್ನೊಂದು ವಾರ ಬಿಡಿ, ನಿಮ್ ಹತ್ರಾನೂ ಮಾತಾಡ್ತಾರೆ."