ಸೀಟಿನ ಮೇಲಿನ ಟವೆಲ್

"ಏಳ್ರೀ ಮ್ಯಾಲೆ! ಟವೆಲ್ ಹಾಕಿರೋದು ಕಾಣಲ್ವಾ?"

ಈ ಮಾತು ತನ್ನ ಬಾಯಿಂದಲೇ ಬಂದಿತೆಂದು ಗೋಣೆಪ್ಪನಿಗೆ ನಂಬಲಾಗಲಿಲ್ಲ. ಜಗಳೂರು ಬಸ್ಸಿನ ಕಿಟಕಿಯಿಂದ ದಿನವೂ ಟವೆಲ್ ಎಸೆದು ಸುಂಕಲಮ್ಮ ಟೀಚರಿಗೆ ಸೀಟು ಹಿಡಿಯುತ್ತಿದ್ದವನು ಅವನು. ಅವಳು ಕೂತ ಮೇಲೆ ಅದನ್ನು ವಾಪಸ್ ಕೇಳಲು ನಾಚಿ, ಎರಡು ವರ್ಷದಲ್ಲಿ ಮೂರು ಟವೆಲ್ ಕಳೆದುಕೊಂಡಿದ್ದ. ಇವತ್ತು ಬೆಲ್‌ಬಾಟಮ್ ಪ್ಯಾಂಟಿನ ದಪ್ಪ ಮೀಸೆಯ ಆಸಾಮಿಯೇ ಬೆಚ್ಚಿ ಎದ್ದು ನಿಂತ!

ಹದಿನೈದು ದಿನದ ರಜೆ ಮುಗಿಸಿದ ಟೀಚರು ನೂಕುನುಗ್ಗಲಿನಲ್ಲಿ ಹತ್ತಿ ಬಂದಳು. ಗೋಣೆಪ್ಪ ಎದೆಯುಬ್ಬಿಸಿ ಸೀಟು ತೋರಿಸಿದ. ಇದೇ ಬಿರುಸಿನಲ್ಲಿ ಮದುವೆಯ ಮಾತನ್ನೂ ಕೇಳಿಬಿಡಬೇಕೆಂದು ಬಾಯಿ ತೆರೆದ.

ಅವಳು ಎದ್ದು ನಿಂತಿದ್ದ ಮೀಸೆಯವನ ಮುಖ ನೋಡಿ ಕಿಸಕ್ಕನೆ ನಕ್ಕಳು. "ಅಯ್ಯೋ, ನಮ್ಮನೆಯೋರನ್ನೇ ಎಬ್ಬಿಸಿಬಿಟ್ರಾ? ಇಷ್ಟು ಧೈರ್ಯ ಐತಲ್ಲ ಗೋಣೆಪ್ಪಾರೇ, ನಾಳೆಯಿಂದ ಎರಡು ಸೀಟು ಹಿಡೀರಿ."