ಹಿರಿಯರ ತಟ್ಟೆ

ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಎಸ್ಲಿನ್ ಒಂದೇ ತಟ್ಟೆ ಇಟ್ಟು ಕೈ ಒರೆಸಿಕೊಂಡಳು. ಹೊಸ ಮನೆಯಲ್ಲಿ ಮೊದಲ ತುತ್ತು ತೀರಿಹೋದ ಹಿರಿಯರದು: ಉಪ್ಪು ಹಾಕದ ಮೆಕ್ಕೆಜೋಳದ ಮುದ್ದೆ, ಸುಟ್ಟ ಮೀನು, ಒಂದು ಗುಟುಕು ರಮ್. ಅವರದಾದ ಮೇಲೆಯೇ ಮನೆಯವರಿಗೆ.

"ಒಂದೇ ಯಾಕಿಟ್ಟೆ ಮಾರಾಯ್ತಿ? ನಿಮ್ಮಮ್ಮ ನಮ್ಮಪ್ಪನ ತಟ್ಟೆಗೆ ಕೈ ಹಾಕಿದ್ರೆ ಇಲ್ಲೇ ಜಗಳ ಶುರು!" ಗಂಡ ಆಲ್ಬನ್ ನಕ್ಕ.

ಅವಳು ನಗಲಿಲ್ಲ. ಇಂಗ್ಲೆಂಡಿನ ದುಡಿಮೆ ಮುಗಿಸಿ ಮರಳುವಾಗ ಎರಡು ಮನೆ ನೋಡಿದ್ದರು. ಒಂದು ಅವಳು ಹುಟ್ಟಿದ ಕ್ಯಾರಿಯಾಕೂ ದ್ವೀಪದಲ್ಲಿ, ಇನ್ನೊಂದು ಅವನ ಈ ಯೂನಿಯನ್ ದ್ವೀಪದಲ್ಲಿ. ಹಟ ಹಿಡಿದು ಗೆದ್ದವನು ಅವನೇ. "ನಿನ್ನೂರೇನು ಓಡಿಹೋಗುತ್ತಾ? ಕಿಟಕಿ ತೆಗೆದ್ರೆ ಎದುರಿಗೇ ಕಾಣುತ್ತೆ" ಅಂದಿದ್ದ. ಈಗಲೂ ಕಾಣುತ್ತಿತ್ತು, ನೀರಿನಾಚೆ, ಕೈಚಾಚಿದರೆ ಸಿಗುವ ಹಾಗೆ.

"ಇನ್ನೊಂದು ತಟ್ಟೆ ತರ್ಲಾ?" ಅವನ ದನಿ ಇಳಿದಿತ್ತು.

"ಬೇಡ ಬಿಡು. ಅಮ್ಮ ಬದುಕಿರೋ ತನಕ ದೋಣಿ ಹತ್ತಿದವಳಲ್ಲ, ಸಮುದ್ರ ಅಂದ್ರೆ ಅಷ್ಟು ಹೆದರಿಕೆ. ಈಗ ಹ್ಯಾಗೆ ಬರ್ತಾಳೆ?" ಎನ್ನುತ್ತ ಎಸ್ಲಿನ್ ಕಿಟಕಿ ಮುಚ್ಚಿದಳು. "ಮೀನಿನ ವಾಸನೆ ಅಲ್ಲಿಗೆ ಹೋದ್ರೆ, ಪಾಪ, ದಡಕ್ಕೆ ಬಂದು ನಿಂತುಬಿಡ್ತಾಳೆ."