ಮೇಲಿನ ಮಡು

ಬೇಸಿಗೆ ಮುಗಿಯುತ್ತ ಬಂದಿತ್ತು. ಬೆಟ್ಟದ ಹಳ್ಳ ಹರಿಯುವುದನ್ನು ಬಿಟ್ಟು ಅಲ್ಲಲ್ಲಿ ಗುಂಡಿಗಳಾಗಿ ನಿಂತಿತ್ತು. ಮೇಲಿನ ಮಡುವಿನಲ್ಲಿ ಬೆಳಗಿನಿಂದ ಗಾಳ ಹಾಕಿ, ಒಂಬತ್ತು ಮೀನು ಚೀಲಕ್ಕಿಳಿಸಿಕೊಂಡು ಬೀಗುತ್ತ ಇಳಿದು ಬರುತ್ತಿದ್ದವನು ಕೆಳಗಿನ ಗುಂಡಿಯ ನೋಟ ಕಂಡು ಮುಖ ಸಿಂಡರಿಸಿ ನಿಂತ. ಹೆಂಗಸೊಬ್ಬಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಹಿಟ್ಟಿನ ಜರಡಿಯಿಂದ ಮೀನು ಗೋರಿ ಗೋರಿ ಬಕೆಟ್ಟಿಗೆ ಸುರಿಯುತ್ತಿದ್ದಳು. ದೊಡ್ಡದು, ಮರಿ ಎಂಬ ಭೇದವೇ ಇಲ್ಲ.

“ಥೂ! ಬಾಯಿ ಬಾಯಿ ಬಿಡ್ತಿರೋ ಮೀನನ್ನ ಹಿಂಗೆ ಬಾಚ್ಕೊಳ್ತೀಯಲ್ಲಮ್ಮ, ಹೇಸಿಗೆ ಆಗಲ್ವಾ ನಿಂಗೆ?”

“ಕೆಸರು ತಾನೆ ಅಣ್ಣ, ತೊಳ್ಕೊಂಡ್ರೆ ಹೋಗುತ್ತೆ.”

“ಕೆಸರಲ್ಲಮ್ಮ! ಮೀನಿಗೂ ತಪ್ಪಿಸ್ಕೊಳ್ಳೋಕೆ ಒಂದು ದಾರಿ ಇರ್ಬೇಕು. ಗಾಳ ಹಾಕಿ ಹಿಡಿಯೋದು ಆಟ. ಇದು ಹೆಣ ದೋಚೋ ಕೆಲಸ.”

“ಹೌದು ನೋಡಿ, ಇಲ್ಲಿ ಅವಕ್ಕೆ ದಾರೀನೇ ಇಲ್ಲ ಪಾಪ,” ಎನ್ನುತ್ತ ಅವಳು ಬಕೆಟ್ಟು ಸೊಂಟಕ್ಕಿಟ್ಟುಕೊಂಡು ಬೆಟ್ಟ ಹತ್ತತೊಡಗಿದಳು.

ಈ ಹೊಲಸನ್ನು ಯಾರ ಮನೆಗೆ ಮಾರುತ್ತಾಳೋ ನೋಡಿಯೇಬಿಡೋಣವೆಂದು ಅವನೂ ಹಿಂದೆಯೇ ಹತ್ತಿದ.

ಅವಳು ಮೇಲಿನ ಮಡುವಿನ ದಡದಲ್ಲಿ ಕೂತು ಬಕೆಟ್ಟನ್ನು ಮೆಲ್ಲಗೆ ಬಾಗಿಸಿದಳು. ಮೀನುಗಳು ತಣ್ಣನೆಯ ನೀರಿಗೆ ಜಾರಿ ಮರೆಯಾದವು.

“ಮಳೆ ಹಿಡಿಯೋವರ್ಗೂ ಇಲ್ಲಿ ಬದುಕ್ಕೊಂಡಿರ್ಲಿ,” ಎಂದವಳು ಬಗ್ಗಿ ನೀರಿನೊಳಗೆ ಇಣುಕಿದಳು. ಮತ್ತೆ ಮತ್ತೆ ಇಣುಕಿದಳು.

“ನಿನ್ನೆ ತಂದುಬಿಟ್ಟ ದೊಡ್ಡವು ಒಂದೂ ಕಾಣ್ತಿಲ್ವಲ್ಲ. ನೀವು ಇಲ್ಲಿಂದ್ಲೇ ಇಳಿದು ಬಂದ್ರಲ್ಲ ಅಣ್ಣ, ಎಲ್ಲಾದ್ರೂ ಕಂಡ್ವಾ?”